ಮೂರನೆಯ ಡಬ್ಬಿ

ನಿಪ್ಪಾಣಿಯಿಂದ ಚಿಕ್ಕೋಡಿಗೆ ಹೋಗುವ ದಾರಿಯಲ್ಲಿ ಜಯಪಾಲ ಮಗದುಮ್ಮನ ಊರು. ಊರಲ್ಲಿ ಅವನನ್ನು ಮಗದುಮ್ಮ ಎಂದು ಕರೆಯುವವರು ಕಡಿಮೆ. ಚುಕ್ಕಿ ಜಯಪಾಲ ಎಂದರೆ ಮಾತ್ರ ಹೊಸದಾಗಿ ಬಂದ ಪೋಸ್ಟಮನ್‌ಗೂ ಮನೆ ತೋರಿಸುತ್ತಾರೆ. ಅಂಗಡಿಯ ಯಾವ ಪೊಟ್ಟಣ ಕೈಗೆ ಬಂದರೂ ಅವನು ಮೊದಲು ಅದನ್ನು ಮಗುಚಿ, ಶಾಕಾಹಾರದ ಹಸಿರು ಚುಕ್ಕೆ ಎಲ್ಲಿದೆ ಎಂದು ಹುಡುಕುತ್ತಿದ್ದ. ಚುಕ್ಕೆ ಸಿಕ್ಕಿತು ಎಂದು ಸುಮ್ಮನಾಗುವವನೂ ಅಲ್ಲ. ಕಿಸೆಯಿಂದ ಭೂತಗನ್ನಡಿ ತೆಗೆದು ಸಣ್ಣ ಅಕ್ಷರವನ್ನೆಲ್ಲ ಓದಿ, ಬಿಸ್ಕೀಟಿಗೆ ಹಾಕಿದ ಯಾವುದೋ ನಂಬರಿನ ಪುಡಿ ಯಾವ ಪ್ರಾಣಿಯ ಕೊಬ್ಬಿನದು ಎಂದು ಅಂಗಡಿಯವನನ್ನೇ ಕೇಳುತ್ತಿದ್ದ. ಅಂಗಡಿಯ ನಜೀರಸಾಬ ಒಂದು ಸಲ ರೋಸಿಹೋಗಿ, ಸಾವಕಾರ್ರು ಉಪವಾಸ ಮಾಡುವುದೇ ಸುಲಭ, ಇಬ್ಬರಿಗೂ ಹೊತ್ತು ಉಳಿಯುತ್ತದೆ ಎಂದಿದ್ದ. ಜಯಪಾಲ ಅದನ್ನು ಹೊಗಳಿಕೆ ಎಂದುಕೊಂಡು ಊರ ತುಂಬ ಹೇಳಿಕೊಂಡು ತಿರುಗಿದ.

ಹೀಗೆ ನೋಡುವವನು ಬೆಳೆಯುತ್ತಿದ್ದುದು ತಂಬಾಕು. ಮೂರು ಎಕರೆ ಕರಿಮಣ್ಣಿನಲ್ಲಿ ಅಪ್ಪನ ಕಾಲದಿಂದಲೂ ಅದೇ ಬೆಳೆ. ತಂಬಾಕಿಗೆ ಯಾವ ಚುಕ್ಕೆ ಹಚ್ಚುತ್ತಿ ಎಂದು ಗೆಳೆಯರು ಚೇಷ್ಟೆ ಮಾಡಿದರೆ, ಅದನ್ನು ನಾನು ತಿನ್ನುವುದಿಲ್ಲ, ಮಾರುತ್ತೇನೆ ಅಷ್ಟೇ ಎನ್ನುತ್ತಿದ್ದ. ಈ ಉತ್ತರದಲ್ಲಿ ಏನೋ ಕಡಿಮೆಯಿದೆ ಎಂದು ಅವನಿಗೆ ಯಾವತ್ತೂ ಅನ್ನಿಸಲಿಲ್ಲ. ಧರ್ಮವನ್ನು ಇದರಲ್ಲಿ ಎಳೆಯುವುದು ಬೇಡ. ಅದೇ ಊರಲ್ಲಿ ಹೊತ್ತು ಮುಳುಗುವ ಮುಂಚೆ ಉಂಡು, ಸೋಸಿದ ನೀರು ಕುಡಿದು, ಯಾರ ಪೊಟ್ಟಣಕ್ಕೂ ಕೈ ಹಾಕದೆ ಬಾಳುವ ಜೈನರ ಮನೆಗಳು ನಲವತ್ತಿವೆ. ಅವರಿಗೆಲ್ಲ ಒಳಗಿನ ಶುದ್ಧಿಯ ಚಿಂತೆ. ಇವನಿಗೆ ಚುಕ್ಕೆಯದು.

ತಂಗಿ ಸುಗಂಧಾಳಿಗೆ ಗಂಡು ನೋಡಿದವನೂ ಇವನೇ. ಅಪ್ಪ ಹಾಸಿಗೆ ಹಿಡಿದಿದ್ದ, ಜವಾಬ್ದಾರಿ ಅಣ್ಣನದಾಯಿತು. ಚಿಕ್ಕೋಡಿಯ ಮನೆಗೆ ಹೋಗಿ ಮೂರು ತಾಸು ಕೂತು ವಿಚಾರಿಸಿದ. ಅವರ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ ಬಳ್ಳೊಳ್ಳಿಯ ಸಿಪ್ಪೆ ಕೂಡ ಬೀಳುವುದಿಲ್ಲ ಎಂದು ಕೇಳಿ ತುಂಬಾ ಸಂತೋಷಪಟ್ಟು ಅಲ್ಲೇ ಮಾತು ಕೊಟ್ಟು ಬಂದ. ಹುಡುಗ ಸಂಜೆ ಎಲ್ಲಿರುತ್ತಾನೆ ಎಂದು ಮಾತ್ರ ಕೇಳಲಿಲ್ಲ. ಅವನು ಇರುತ್ತಿದ್ದುದು ಸೆರೆಯಂಗಡಿಯಲ್ಲಿ. ಮೂವತ್ತನಾಲ್ಕನೇ ವಯಸ್ಸಿಗೆ ಕಾಮಾಲೆಯಾಗಿ ಸತ್ತ. ಸುಗಂಧಾ ಆರು ವರ್ಷದ ಸಂದೇಶನನ್ನು ಕಟ್ಟಿಕೊಂಡು, ಹಪ್ಪಳ ಲಟ್ಟಿಸಿ, ಮಂದಿ ಬಟ್ಟೆ ಹೊಲಿದು ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಅಣ್ಣನಿಗೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಅವನ ಎದೆಯ ಭಾರ ಇಳಿದಿರುತ್ತಿತ್ತು. ಬೈಯದೆ ಇದ್ದುದರಿಂದ ಅವಳ ಮುಂದೆ ಅವನು ಜೀವನಪರ್ಯಂತ ತಲೆ ತಗ್ಗಿಸಿಯೇ ಕೂತ.

ಜಯಪಾಲನಿಗೆ ಒಬ್ಬಳೇ ಮಗಳು, ರೂಪಾಲಿ. ಒಂಬತ್ತನೇ ಇಯತ್ತೆಯಲ್ಲಿದ್ದಾಗ ಶಾಲೆಯ ಪಿ.ಟಿ. ಮಾಸ್ತರ ಭೀಮಸಿ ಅವಳನ್ನು ನೋಡಿದ. ಪರೀಕ್ಷೆಗೆಂದು ಬೆಂಚು ಸರಿಸುವಾಗ ಗಂಡುಹುಡುಗರು ಇಬ್ಬಿಬ್ಬರಾಗಿ ಎಳೆಯುತ್ತಿದ್ದರೆ ಈ ಹುಡುಗಿ ಒಬ್ಬಳೇ ಎತ್ತಿ ಇಡುತ್ತಿದ್ದಳು. ಮಾಸ್ತರ ಹಳೆಯ ಕಾಲದ ಭಾರ ಎತ್ತುವವನು. ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಂದು ಸರಳು, ನಾಲ್ಕು ಜೋಡಿ ತಟ್ಟೆ ಇಟ್ಟುಕೊಂಡಿದ್ದ. ಅವಳಿಗೆ ಆರು ತಿಂಗಳು ಬರೀ ಸರಳು ಹಿಡಿಯುವುದನ್ನು ಕಲಿಸಿದ. ಹುಡುಗಿಗೆ ಅದರ ಹುಚ್ಚು ಹತ್ತಿತು. ಹತ್ತೊಂಬತ್ತಕ್ಕೆ ಬರುವಷ್ಟರಲ್ಲಿ ಜಿಲ್ಲೆಗೆ ಮೊದಲನೆಯವಳು, ರಾಜ್ಯಕ್ಕೆ ಮೂರನೆಯವಳು. ರಾಷ್ಟ್ರಮಟ್ಟದಲ್ಲಿ ಒಂದು ಪದಕ ಬಂದರೆ ರೈಲ್ವೆಯಲ್ಲಿ ಆಟಗಾರರ ಕೋಟಾದ ಕೆಲಸ ಸಿಗುತ್ತದೆ, ಆಮೇಲೆ ಇವಳನ್ನು ಹಿಡಿಯುವವರಿಲ್ಲ ಎಂದು ಮಾಸ್ತರ ಹೇಳಿದ. ಅಡ್ಡಿ ಒಂದೇ ಇತ್ತು. ಮೈಗೆ ಇನ್ನಷ್ಟು ಪುಷ್ಟಿ ಬೇಕು, ದಿನಕ್ಕೆ ನಾಲ್ಕು ತತ್ತಿ ತಿನ್ನಿಸಿರಿ ಎಂದ.

ಆ ಮಾತಿಗೆ ಜಯಪಾಲ ಚಹಾದ ಕಪ್ಪು ಕೆಳಗಿಟ್ಟು ಎದ್ದುನಿಂತ. ಮಗಳು ಆಟ ಬಿಟ್ಟರೂ ಸರಿ, ಮನೆಯೊಳಗೆ ತತ್ತಿ ಬರುವುದಿಲ್ಲ ಎಂದ. ಮಾಸ್ತರನೂ ಒಳ್ಳೆಯವನೇ, ಒತ್ತಾಯ ಮಾಡಲಿಲ್ಲ. ಹಾಗಾದರೆ ಹಾಲು, ಶೇಂಗಾ, ಮೊಳಕೆಕಾಳು, ಪನೀರು ಇವನ್ನೇ ಹೆಚ್ಚಿಸಿ, ಸ್ವಲ್ಪ ತಡವಾಗುತ್ತದೆ, ಆದರೂ ಆಗುತ್ತದೆ ಎಂದ. ತಡವಾಗುತ್ತದೆ ಎಂಬ ಮಾತು ಜಯಪಾಲನ ತಲೆಯಲ್ಲಿ ಉಳಿಯಿತು.

ಸಂದೇಶ ಅಷ್ಟೊತ್ತಿಗೆ ಚಿಕ್ಕೋಡಿಯಲ್ಲಿ ಬಸ್ ನಿಲ್ದಾಣದ ಹಿಂದೆ ಮಹಾಬಲ ಜಿಮ್ ಎಂದು ತೆಗೆದಿದ್ದ. ಪೊಲೀಸ್ ಭರ್ತಿಗೆ ಓಡುವವರು, ಸೈನ್ಯಕ್ಕೆ ಎದೆಯಳತೆ ಕೂಡಿಸುವವರು, ಮದುವೆ ಗೊತ್ತಾದ ಮೇಲೆ ತೋಳು ಬೇಕೆನ್ನಿಸಿದವರು, ಎಲ್ಲ ಅಲ್ಲಿಗೇ ಬರುತ್ತಿದ್ದರು. ಯಾರಿಗೂ ಒಂದು ವರ್ಷದ ತಾಳ್ಮೆಯಿಲ್ಲ, ಎರಡು ತಿಂಗಳಲ್ಲಿ ಆಗಬೇಕು. ಆಗುತ್ತಿತ್ತು ಕೂಡ. ಜಿಮ್ಮಿನ ಮುಂದಿನ ಕೋಣೆಯಲ್ಲಿ ದೊಡ್ಡ ದೊಡ್ಡ ಡಬ್ಬಿಗಳ ಸಾಲಿತ್ತು. ಜಯಪಾಲ ಹೋಗಿ ಒಂದು ಡಬ್ಬಿ ಎತ್ತಿಕೊಂಡು, ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಅರ್ಧ ತಾಸು ಓದಿದ. ಹಸಿರು ಚುಕ್ಕೆ ದೊಡ್ಡದಾಗಿಯೇ ಇತ್ತು. ಅಷ್ಟಕ್ಕೇ ಬಿಡದೆ ಅಳಿಯನನ್ನು ಬಸದಿಯ ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಆಣೆ ಮಾಡಿಸಿದ. ಇದರಲ್ಲಿ ತತ್ತಿಯಿಲ್ಲ, ಮೀನೆಣ್ಣೆಯಿಲ್ಲ, ಎಲುಬಿನ ಪುಡಿಯಿಲ್ಲ. ಸಂದೇಶ ಮೂರಕ್ಕೂ ಆಣೆ ಮಾಡಿದ, ಮೂರೂ ನಿಜವೇ ಆಗಿದ್ದವು. ನಾಲ್ಕನೆಯದನ್ನು ಯಾರೂ ಕೇಳಲಿಲ್ಲ.

ತಂಗಿಯ ಮಗ, ತಮ್ಮವನು, ತಮ್ಮ ನೇಮ ತಿಳಿದವನು. ಜಯಪಾಲ ಒಂದೇ ಸಲಕ್ಕೆ ಮೂರು ಡಬ್ಬಿ ತಂದ. ಭೀಮಸಿ ಮಾಸ್ತರ ಡಬ್ಬಿಯ ಮೇಲಿನ ಹೆಸರು ಎಂದೂ ಕೇಳಿದ್ದಲ್ಲ ಎಂದು ಮುಖ ಸಣ್ಣದು ಮಾಡಿದ, ಬೇಡ ಎಂದ. ಅವನಿಗೆ ಬೇಕಾಗಿದ್ದುದು ತತ್ತಿ, ಅದಕ್ಕೇ ಇದು ಬೇಡ ಅನ್ನುತ್ತಾನೆ ಎಂದು ಜಯಪಾಲ ಹೆಂಡತಿಯ ಮುಂದೆ ನಕ್ಕ. ಬೆಳಿಗ್ಗೆ ಒಂದು ಚಮಚ, ಸಂಜೆ ಹೊತ್ತು ಮುಳುಗುವ ಮೊದಲು ಒಂದು ಚಮಚ, ಹಾಲಲ್ಲಿ ತಾನೇ ಕಲೆಸಿ ತಾನೇ ಕೊಟ್ಟ.

ಎರಡು ತಿಂಗಳಲ್ಲಿ ಹುಡುಗಿ ಎತ್ತುವ ತೂಕ ಹನ್ನೊಂದು ಕಿಲೋ ಏರಿತು. ಮಾಸ್ತರ ಇಷ್ಟು ಬೇಗ ಹೇಗೆ ಎಂದು ಹುಬ್ಬು ಗಂಟಿಕ್ಕಿದ, ಆಮೇಲೆ ಮೇ ತಿಂಗಳ ಬೆವರಿನ ಫಲ ಇರಬೇಕು ಎಂದು ತನ್ನನ್ನೇ ನಂಬಿಸಿಕೊಂಡ. ಒಳ್ಳೆಯದು ಬಂದಾಗ ಯಾರು ವಿಳಾಸ ಕೇಳುತ್ತಾರೆ? ಕೇಳಿದವಳು ತಾಯಿ ತಾರಾಬಾಯಿ ಒಬ್ಬಳೇ. ಮಗಳ ಗಲ್ಲದ ಮೇಲೆ ಗುಳ್ಳೆ ಎದ್ದಿದ್ದವು, ದನಿ ಒಡೆದಂತಾಗಿತ್ತು, ತಿಂಗಳ ಮುಟ್ಟು ಎರಡು ಸಲ ತಪ್ಪಿತ್ತು. ಡಾಕ್ಟರಿಗೆ ತೋರಿಸೋಣ ಎಂದಳು. ಜಯಪಾಲ ಅದೆಲ್ಲ ಕಷ್ಟಪಟ್ಟ ಮೈಯ ಲಕ್ಷಣ ಎಂದುಬಿಟ್ಟ. ಡಬ್ಬಿಯ ಮೇಲೆ ಸಾಸಿವೆ ಗಾತ್ರದ ಅಕ್ಷರ ಓದಬಲ್ಲ ಮನುಷ್ಯನಿಗೆ ಎದುರು ಕೂತ ಮಗಳ ಮುಖ ಓದಲು ಬರಲಿಲ್ಲ.

ಆ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ರೂಪಾಲಿಗೆ ಬೆಳ್ಳಿ ಬಂತು. ಪದಕದ ಮೆಟ್ಟಿಲಿಂದ ಇಳಿಯುತ್ತಿದ್ದಂತೆ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹೆಂಗಸು ಬಂದು ಮೂತ್ರದ ತಪಾಸಣೆಗೆ ಎಂದು ಅವಳ ಹೆಸರು ಹಿಡಿದು ಕರೆದಳು. ಅಲ್ಲಿಂದ ಮುಂದೆ ಒಂದೂವರೆ ತಾಸು ಆ ಹೆಂಗಸು ಅವಳ ಬೆನ್ನು ಬಿಡಲಿಲ್ಲ. ಮೂರು ಬಾಟಲಿ ನೀರು ಕುಡಿಸಿದಳು. ಪಾಯಖಾನೆಯ ಬಾಗಿಲು ಹಾಕಲು ಬಿಡದೆ ಎದುರಿಗೇ ನಿಂತು ನೋಡಿದಳು. ತಾಯಿಯ ಮುಂದೆಯೂ ಬಟ್ಟೆ ಬದಲಿಸದ ಹುಡುಗಿ ನಾಚಿಕೆಯಿಂದ ಅತ್ತುಬಿಟ್ಟಳು. ಆಮೇಲೆ ಮೂತ್ರವನ್ನು ಎರಡು ಗಾಜಿನ ಸೀಸೆಗೆ ಹಾಕಿ, ನಂಬರು ಹಾಕಿ, ಅವಳ ಕೈಯಿಂದಲೇ ಬಿಗಿಸಿದರು. ಈ ವಾರದಲ್ಲಿ ತಿಂದ ಔಷಧಿ, ಪುಡಿ ಎಲ್ಲ ಬರೆ ಎಂದು ಒಂದು ಫಾರ್ಮು ಕೊಟ್ಟರು. ಅವಳು ಮುಚ್ಚಿಡದೆ ಬರೆದಳು: ಪ್ರೋಟೀನ್ ಪುಡಿ, ಶುದ್ಧ ಶಾಕಾಹಾರಿ.

ಏಳು ವಾರಕ್ಕೆ ದಿಲ್ಲಿಯಿಂದ ಪತ್ರ ಬಂತು. ಮೂತ್ರದಲ್ಲಿ ಮೆಟಾಂಡಿಯೆನೋನ್ ಎಂಬ, ಆಟಗಾರರಿಗೆ ನಿಷೇಧಿಸಿದ ಸ್ಟಿರಾಯ್ಡ್ ಸಿಕ್ಕಿದೆ, ಇಂದಿನಿಂದಲೇ ಆಟದಿಂದ ಅಮಾನತು, ಪದಕ ವಾಪಸು. ರೈಲ್ವೆಯ ಟ್ರಯಲ್ಲಿಗೆ ಕರೆದ ಕಾಗದ ಬಂದು ಆಗಲೇ ಹತ್ತು ದಿನವಾಗಿತ್ತು, ಗೋಡೆಯ ಮೊಳೆಗೆ ಸಿಕ್ಕಿಸಿಟ್ಟಿದ್ದರು. ರೂಪಾಲಿ ಪತ್ರವನ್ನು ಮೂರು ಸಲ ಓದಿ, ಆ ಔಷಧಿಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಹೇಳಿ ನೋಡಿದಳು. ಇಂಥದೊಂದು ಹೆಸರನ್ನು ಜನ್ಮದಲ್ಲಿ ಕೇಳಿರಲಿಲ್ಲ. ಎರಡನೆಯ ಸೀಸೆ ಒಡೆದು ನೋಡಿದರೂ ಅದೇ ಬಂತು.

ಭೀಮಸಿ ಮಾಸ್ತರ ಬೆಳಗಾವಿಗೆ ಹೋಗಿ ತಿಳಿದವರನ್ನು ಕಂಡು ಬಂದ. ದಾರಿ ಒಂದೇ ಇದೆ ಎಂದ. ಇದು ಬೇಕೆಂದು ತಿಂದದ್ದಲ್ಲ, ಪುಡಿಯಲ್ಲಿ ಬೆರೆತು ಬಂದದ್ದು ಎಂದು ರುಜುವಾತಾದರೆ ನಾಲ್ಕು ವರ್ಷದ ಶಿಕ್ಷೆ ಒಂದಕ್ಕೋ ಅದಕ್ಕೂ ಕಡಿಮೆಗೋ ಇಳಿಯಬಹುದು. ಆದರೆ ಬಾಯಿಮಾತಿಗೆ ಅಲ್ಲಿ ಕಿಮ್ಮತ್ತಿಲ್ಲ. ಅದೇ ಖೇಪಿನ, ಸೀಲು ಒಡೆಯದ ಡಬ್ಬಿ ಬೇಕು, ಜೊತೆಗೆ ತಿಂದು ಮುಗಿಸಿದ ಡಬ್ಬಿಯೂ ಬೇಕು, ಎರಡರ ತಳದ ನಂಬರು ಒಂದೇ ಇರಬೇಕು. ಅದನ್ನು ಲ್ಯಾಬಿಗೆ ಕಳಿಸುವುದು. ಮನೆಯಲ್ಲಿ ಇದೆಯೇ ಎಂದು ಕೇಳಿದ. ರೂಪಾಲಿಯ ಮುಖ ಅರಳಿತು. ಎರಡು ಮುಗಿದಿದ್ದವು, ಮೂರನೆಯದು ಹಾಗೇ ಇತ್ತು. ಅಡುಗೆಮನೆಯ ಗೋಡೆಯ ಮಾಡದಲ್ಲಿ ಖಾಲಿ ಡಬ್ಬಿಗಳ ಹಿಂದೆ ಅವಳೇ ಎತ್ತಿಟ್ಟಿದ್ದಳು. ವಿಚಾರಣೆಗೆ ಹದಿನೆಂಟು ದಿನವಿತ್ತು. ನಾಳೆಯೇ ಕಳಿಸೋಣ ಎಂದು ಮಾಸ್ತರ ಎದ್ದ. ಜಯಪಾಲ ಮಾತ್ರ ಒಂದು ದಿನ ತಡೆಯಿರಿ, ಮೊದಲು ಸಂದೇಶನನ್ನು ಕೇಳಿ ಬರುತ್ತೇನೆ ಎಂದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಆ ಮಾರಿ ಮನೆ ಹೊಕ್ಕದ್ದು ಅವತ್ತು.

ಸಂದೇಶ ಮೊದಲು ಇಲ್ಲ ಎಂದ. ಆಮೇಲೆ ಜಿಮ್ಮಿನ ಬಾಗಿಲು ಹಾಕಿ ಕೂತು ಎಲ್ಲ ಹೇಳಿದ. ಪುಡಿ ದೊಡ್ಡ ಡ್ರಮ್ಮಿನಲ್ಲಿ ಬರುತ್ತದೆ, ಇಲ್ಲೇ ಡಬ್ಬಿಗೆ ತುಂಬುತ್ತಾನೆ, ಚೀಟಿ ನಿಪ್ಪಾಣಿಯಲ್ಲಿ ಅಚ್ಚು ಹಾಕಿಸುತ್ತಾನೆ. ಚುಕ್ಕೆಯೂ ಅಲ್ಲಿಯದೇ.

“ಸ್ವಲ್ಪ ಔಷಧ ಕೂಡಸಬೇಕಾಗತೈತಿ ಮಾಮಾ. ಇಲ್ಲಾಂದ್ರ ಹುಡಗೂರಿಗೆ ರಿಸಲ್ಟ ಬರಂಗಿಲ್ಲ, ಬ್ಯಾರೇ ಜಿಮ್ಮಿಗೆ ಹೋಗ್ತಾರ. ನಮ್ಮ ರೂಪಾನ್ನ ಯಾರ ತಪಾಸ ಮಾಡ್ತಾರ ಅಂದಕೊಂಡೆ. ತತ್ತಿ ಮಾತ್ರ ಇಲ್ಲ, ಅದು ಖರೇನ ಹೇಳೇನಿ,” ಎಂದ.

ಜಯಪಾಲ ಅವನ ಕೆನ್ನೆಗೆ ಹೊಡೆಯಲು ಕೈ ಎತ್ತಿದ, ಹೊಡೆಯಲಾಗಲಿಲ್ಲ. ಮುಂದಿನ ಬಸ್ಸಿಗೇ ಮನೆಗೆ ತಿರುಗಿದ. ಮರುದಿನ ಬೆಳಿಗ್ಗೆ ಸುಗಂಧಾ ಬಂದಳು. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ, ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತಳು. ರೂಪಾಲಿ ಶೆಡ್ಡಿಗೆ ಹೋಗಿದ್ದಳು. ಸುಗಂಧಾ ಅಳಲಿಲ್ಲ, ಅಂಗಲಾಚಲೂ ಇಲ್ಲ. ಇಪ್ಪತ್ತು ವರ್ಷ ನುಂಗಿಕೊಂಡಿದ್ದುದನ್ನು ಒಂದೇ ಸಲಕ್ಕೆ ಹೊರಗೆ ಹಾಕಿದಳು.

“ಆ ಮನಿಗೆ ನನ್ನ ಕೊಟ್ಟಾಂವ ನೀನ ಅಣ್ಣಾ. ನಾ ಒಂದ ಮಾತ ಅಂದಿಲ್ಲ. ಈಗ ನನ್ನ ಮಗನ್ನ ಜೇಲಿಗೂ ನೀನ ಕಳಸ್ತಿ ಅಂದ್ರ ಕಳಸು, ಅದಕೂ ಏನೂ ಅನ್ನಂಗಿಲ್ಲ.”

ತಾರಾಬಾಯಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಗಂಡ ಅಡುಗೆಮನೆಗೆ ಬಂದು ಮಾಡಕ್ಕೆ ಕೈ ಹಾಕಿದಾಗ ಅಡ್ಡ ನಿಂತಳು. ಅತ್ತಿಗೆ-ನಾದಿನಿಯರ ಹಳೆಯ ಮುನಿಸಿನ ಮಾತಲ್ಲ ಅದು, ತಾಯಿಯ ಮಾತು.

“ತಂಗೀ ಋಣಾ ಮಗಳ ಕಡಿಂದ ತೀರಸಬ್ಯಾಡ್ರಿ,” ಎಂದಳು.

ಅವನು ಅವಳ ಮುಖ ನೋಡಲಿಲ್ಲ. ಸೀಲಿನ ಡಬ್ಬಿಯನ್ನೂ ಎರಡು ಖಾಲಿ ಡಬ್ಬಿಗಳನ್ನೂ ಒಂದು ಕೈಚೀಲಕ್ಕೆ ಹಾಕಿ ತಂಗಿಯ ಕೈಗೆ ಕೊಟ್ಟ. ಇನ್ನು ಸಂದೇಶ ಈ ಪುಡಿಯನ್ನು ಮುಟ್ಟಬಾರದು ಎಂದು ಅವಳಿಗೆ ಹೇಳಿದ. ಅವಳು ಮಗನಿಂದ ತನ್ನ ತಲೆ ಮುಟ್ಟಿಸಿ ಆಣೆ ಮಾಡಿಸುತ್ತೇನೆ ಎಂದು ಹೇಳಿ ಹೋದಳು. ಜಯಪಾಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹುಡುಗಿ ಇನ್ನೂ ಸಣ್ಣವಳು, ನಾಲ್ಕು ವರ್ಷ ಏನು ಮಹಾ, ಹೇಗಿದ್ದರೂ ಮದುವೆಯಾಗಿ ಹೋಗುವವಳು. ಸಂದೇಶನಿಗೆ ಜೇಲೂ ಆಗಬಾರದು, ಇವಳಿಗೆ ಶಿಕ್ಷೆಯೂ ಆಗಬಾರದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಸೆ ಅವನದು. ಕೋಲಿನ ಜಾಗದಲ್ಲಿ ಮಗಳಿದ್ದಳು.

ಸಂಜೆ ರೂಪಾಲಿ ಮಾಡ ನೋಡಿ ಡಬ್ಬಿ ಎಲ್ಲಿ ಎಂದು ಕೇಳಿದಳು. ಪೊಲೀಸರು ಬಂದಾರೆಂದು ಹೆದರಿ ಮೂರನ್ನೂ ಹೊಳೆಗೆ ಹಾಕಿದೆ ಎಂದ. ಅವಳು ಅವನನ್ನೇ ನೋಡುತ್ತ ನಿಂತಳು. ಅಪ್ಪ ಒಂದು ಹಾಳೆ ಚೂರನ್ನೂ ಎಸೆಯದ ಮನುಷ್ಯ ಎಂದು ಅವಳಿಗೆ ಗೊತ್ತು. ಬೆಳಿಗ್ಗೆ ಅತ್ತೆ ಬಂದು ಹೋದದ್ದನ್ನು ಓಣಿಯವರು ಹೇಳಿದ್ದರು. ಮರುದಿನ ಸುದ್ದಿ ಕೇಳಿದ ಭೀಮಸಿ ಮಾಸ್ತರ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದು, ಎದ್ದು ಹೋದ.

ವಿಚಾರಣೆ ನಡೆದದ್ದು ಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ಆ ಕಡೆ ದಿಲ್ಲಿಯಲ್ಲಿ ಮೂವರು ಕೂತಿದ್ದರು, ಒಬ್ಬಾಕೆ ಡಾಕ್ಟರು. ಈ ಕಡೆ ರೂಪಾಲಿ, ಪಕ್ಕದಲ್ಲಿ ಅಪ್ಪ. ಒಳ್ಳೆಯ ಸೀರೆ ಉಟ್ಟು ಹೋಗು ಎಂದು ತಾಯಿ ಹೇಳಿದ್ದರೂ ಅವಳು ರಾಜ್ಯ ತಂಡದ ನೀಲಿ ಜಾಕೀಟನ್ನೇ ಹಾಕಿಕೊಂಡು ಬಂದಿದ್ದಳು. ಶುದ್ಧ ಶಾಕಾಹಾರಿ ಎಂದು ಬರೆದ ಫಾರ್ಮನ್ನು ಒಬ್ಬರು ಓದಿ ತುಟಿಯಂಚಿನಲ್ಲಿ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಹಿಂದಿಯಲ್ಲಿ ನಿಧಾನವಾಗಿ, ಹುಡುಗಿಗೆ ತಿಳಿಯುವ ಹಾಗೆ ಕೇಳಿದರು. ಆ ಪುಡಿ ಎಲ್ಲಿ ಕೊಂಡದ್ದು, ಯಾರು ಕೊಂಡದ್ದು, ಡಬ್ಬಿ ಉಳಿದಿದೆಯೇ? ತಂದವರು ತಂದೆ ಎಂದು ರೂಪಾಲಿ ಹೇಳಿದಳು. ಡಾಕ್ಟರಮ್ಮ ತಂದೆಯನ್ನು ಕೇಳಿದರು. ನಿಮ್ಮ ಒಂದು ಮಾತಿನ ಮೇಲೆ ಮಗಳ ನಾಲ್ಕು ವರ್ಷ ನಿಂತಿದೆ, ನೆನಪು ಮಾಡಿಕೊಂಡು ಹೇಳಿ ಎಂದೂ ಅಂದರು. ಪರರ ಹುಡುಗಿಯ ಮೇಲೆ ಅಷ್ಟು ಕರುಣೆ ಅವರಿಗೆ ಯಾಕೆ ಬಂತೋ.

ಜಯಪಾಲ ಕೊಲ್ಹಾಪುರದ ಸಂತೆಯಲ್ಲಿ ಯಾರೋ ಮಾರುತ್ತಿದ್ದ, ಅಂಗಡಿ ನೆನಪಿಲ್ಲ, ಡಬ್ಬಿ ಎಸೆದಾಯಿತು ಎಂದ. ಮರಾಠಿ ಬೆರೆತ ಅವನ ಹಿಂದಿಯಲ್ಲಿ ಸುಳ್ಳು ಹೇಳುವುದು ಎಷ್ಟು ಸುಲಭವಾಯಿತೆಂದರೆ ಅವನಿಗೇ ಗಾಬರಿಯಾಯಿತು. ರೂಪಾಲಿ ಪರದೆ ಬಿಟ್ಟು ಅವನ ಕಡೆ ತಿರುಗಿ ನೋಡಿದಳು. ಅವನು ಈಗಲೂ ಹೇಳಿಯಾನು ಎಂದು ಕಾದಳು. ಡಾಕ್ಟರಮ್ಮ ಅವಳ ಹೆಸರು ಹಿಡಿದು, ನೀನೇನಾದರೂ ಹೇಳುವುದಿದೆಯೇ ಎಂದರು. ಹೇಳಬಹುದಿತ್ತು. ಡಬ್ಬಿಯಿಲ್ಲದೆ ಯಾರು ನಂಬುತ್ತಾರೆ, ಹೊರಗಿನವರ ಮುಂದೆ ಅಪ್ಪನನ್ನು ಸುಳ್ಳ ಎಂದು ಹೇಗೆ ಅನ್ನುವುದು? ಇಲ್ಲ ಮೇಡಂ ಎಂದಳು. ಇಪ್ಪತ್ತು ದಿನಕ್ಕೆ ತೀರ್ಪು ಬಂತು, ನಾಲ್ಕು ವರ್ಷ. ಮೇಲ್ಮನವಿಗೆ ಇಪ್ಪತ್ತೊಂದು ದಿನದ ಅವಕಾಶ ಎಂದು ಕೊನೆಯ ಸಾಲಿನಲ್ಲಿತ್ತು. ಆ ಇಪ್ಪತ್ತೊಂದು ದಿನವೂ ಅವಳು ಅಪ್ಪನ ಎದುರಿಗೇ ಕೂತು ಉಂಡಳು, ಅವನು ಬಾಯಿ ತೆರೆದದ್ದು ಉಣ್ಣಲಿಕ್ಕೆ ಮಾತ್ರ.

ಆಮೇಲೆ ಪೇಪರಿನಲ್ಲಿ ನಾಲ್ಕು ಸಾಲು ಬಂತು. ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಇಬ್ಬರು ಬರಲಿಲ್ಲ. ಹುಡುಗಿ ಔಷಧಿ ತಿಂದಿದ್ದಾಳಂತೆ, ಮಕ್ಕಳಾಗುತ್ತವೋ ಇಲ್ಲವೋ ಎಂದು ನಿಪ್ಪಾಣಿಯ ಹೆಂಗಸರು ಮಾತಾಡಿದರು. ಮದುವೆಯಾಗಿ ಹೋಗುವವಳು ಎಂದು ಲೆಕ್ಕ ಹಾಕಿದ್ದ ಜಯಪಾಲನಿಗೆ ಆ ಬಾಗಿಲೂ ಮುಚ್ಚಿತು. ಶಿಕ್ಷೆಯಾದವಳು ಮಾಸ್ತರನ ಜೊತೆ ಅಭ್ಯಾಸ ಮಾಡುವಂತಿಲ್ಲ ಎಂಬ ಕಾಯಿದೆ ಇದೆಯಂತೆ. ಹಾಗಾಗಿ ಶೆಡ್ಡೂ ತಪ್ಪಿತು. ರೂಪಾಲಿ ನಿಪ್ಪಾಣಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಪ್ಪನ ಜೊತೆ ಮಾತು ಬಿಟ್ಟಳು ಎಂದಲ್ಲ. ನೀರು ಕಾದಿದೆ, ಕರೆಂಟು ಹೋಗಿದೆ, ಅಂಥವನ್ನು ಹೇಳುತ್ತಿದ್ದಳು. ಜಯಪಾಲ ಭೂತಗನ್ನಡಿಯನ್ನು ಕಿಸೆಯಲ್ಲಿ ಇಟ್ಟುಕೊಳ್ಳುವುದು ಬಿಟ್ಟ. ಊರವರು ಚುಕ್ಕಿ ಎಂದು ಕರೆಯುವುದು ಬಿಡಲಿಲ್ಲ.

ಹೀಗೆ ಒಂದು ವರ್ಷದ ಮೇಲೆ ಮೂರು ತಿಂಗಳಾಗಿರಬೇಕು. ಒಂದು ರವಿವಾರ ಮಧ್ಯಾಹ್ನ, ಹೆಗಲ ಮೇಲೆ ಕಂಬಳಿ ಹಾಕಿದ, ಐವತ್ತು ದಾಟಿದ ಒಬ್ಬ ಮನುಷ್ಯ ಬಾಗಿಲಿಗೆ ಬಂದು ನಿಂತ. ಹೆಸರು ಅಮೋಘಸಿದ್ದ, ಊರು ಅಥಣಿ ಕಡೆಯ ತೆಲಸಂಗ, ಮಳೆ ನಂಬಿ ಜೋಳ ಬೆಳೆಯುವವನು, ಹತ್ತಿಪ್ಪತ್ತು ಕುರಿಯಿವೆ. ಮಗ ಮಾಳಪ್ಪ ಕುಸ್ತಿ ಆಡುತ್ತಾನೆ. ವಿಶ್ವವಿದ್ಯಾಲಯದ ಪಂದ್ಯದಲ್ಲಿ ಗೆದ್ದ, ಅಲ್ಲೇ ಮೂತ್ರದ ತಪಾಸಣೆಯಾಯಿತು, ಈಗ ದಿಲ್ಲಿಯಿಂದ ಪತ್ರ ಬಂದಿದೆ. ಹುಡುಗ ಮೂರು ದಿನದಿಂದ ಅನ್ನ ಬಿಟ್ಟಿದ್ದಾನೆ. ಇಷ್ಟನ್ನು ಅವನು ನಿಂತೇ ಹೇಳಿದ. ಜಯಪಾಲ ಕೂರಿಸಿದ, ತಾರಾಬಾಯಿ ನೀರು ತಂದಳು. ರೂಪಾಲಿ ರಜೆಯೆಂದು ಮನೆಯಲ್ಲೇ ಇದ್ದಳು, ಒಳಗಿನ ಬಾಗಿಲಿಗೆ ಬಂದು ನಿಂತಳು.

ಮಗ ತಿಂದದ್ದು ಅಥಣಿಯ ಮಹಾಬಲ ಜಿಮ್ಮಿನ ಪುಡಿ ಒಂದೇ ಎಂದ ಅಮೋಘಸಿದ್ದ. ಜಯಪಾಲನಿಗೆ ಮೊದಲು ಅರ್ಥವಾಗಲಿಲ್ಲ. ಸಂದೇಶ ಅಥಣಿಯಲ್ಲಿ ಎರಡನೆಯ ಜಿಮ್ಮು ತೆಗೆದದ್ದು ಗೊತ್ತಿತ್ತು, ಆ ಪುಡಿ ಬಿಟ್ಟಿದ್ದಾನೆ ಎಂದು ಸುಗಂಧಾ ಹೇಳಿದ್ದಳು, ಇವನು ನಂಬಿದ್ದ. ಅಮೋಘಸಿದ್ದ ಮೊಬೈಲು ತೆಗೆದು, ಮಗ ಹಿಡಿದ ಒಂದು ಫೋಟೋ ತೋರಿಸಿದ. ಜಿಮ್ಮಿನ ಗೋಡೆಯ ದೊಡ್ಡ ಫಲಕದಲ್ಲಿ ರೂಪಾಲಿ ಬೆಳ್ಳಿ ಪದಕ ಹಾಕಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಜಯಪಾಲ ಡಬ್ಬಿಯನ್ನು ಎದೆಗೆ ಹಿಡಿದು ನಗುತ್ತಿದ್ದ. ಪದಕ ಬಂದ ವಾರದಲ್ಲಿ ಸಂದೇಶ ತೆಗೆದಿದ್ದ ಫೋಟೋ ಅದು. ಕೆಳಗೆ ಜಯಪಾಲನ ಹೆಸರು, ಊರು ಬರೆದಿತ್ತು. ಇಂಥ ನೇಮಸ್ಥರು ಮಗಳಿಗೆ ಕೊಡುವ ಪುಡಿ ಎಂದರೆ ವಂಚನೆಯಿರಲಾರದು ಎಂದು ತಾನೇ ಮಗನಿಗೆ ಹೇಳಿ ತೆಗೆಸಿಕೊಟ್ಟೆ, ಆ ಹೆಸರು ಹಿಡಿದೇ ಹುಡುಕಿಕೊಂಡು ಬಂದೆ ಎಂದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದನ್ನು ಕೇಳುವುದು ಇನ್ನೂ ಕಷ್ಟವಾಯಿತು.

ಮನೆಯಲ್ಲಿ ಸೀಲು ಒಡೆಯದ ಡಬ್ಬಿ ಒಂದಿದೆ, ಖಾಲಿಯದೂ ಇದೆ ಎಂದು ಮುಂದುವರಿಸಿದ. ಲ್ಯಾಬಿಗೆ ಕಳಿಸು ಎಂದು ಒಬ್ಬರು ಅನ್ನುತ್ತಾರೆ. ಕಳಿಸಿದರೆ ಇಂಥದ್ದನ್ನು ಮನೆಯಲ್ಲಿಟ್ಟದ್ದಕ್ಕೆ ಮಗನ ಮೇಲೇ ಕೇಸು ಬೀಳುತ್ತದೆ, ಸುಡು ಅದನ್ನು ಎಂದು ಜಿಮ್ಮಿನವರು ಅನ್ನುತ್ತಾರೆ. ಓದು ಬಾರದ ತನಗೆ ಯಾರ ಮಾತು ನಂಬಬೇಕೋ ತಿಳಿಯುತ್ತಿಲ್ಲ. ಬೆಳಿಗ್ಗೆ ಒಲೆಗೆ ಹಾಕಲು ಕೈಗೆತ್ತಿಕೊಂಡಿದ್ದ, ಒಮ್ಮೆ ಇವರನ್ನು ಕೇಳಿ ಬರೋಣ ಎನ್ನಿಸಿ ಬಸ್ಸು ಹತ್ತಿದ.

“ನಿಮ್ಮ ಮಗಳದೂ ಹಿಂಗ ಆಗೇತಿ ಅಂತ ಇಲ್ಲಿ ಬಂದ ಮ್ಯಾಲ ಗೊತ್ತಾತರಿ. ಖರೇ ಹೇಳ್ರಿ, ಅದರಾಗ ಐತೇನ್ರಿ? ಹೂಂ ಅಂದ್ರ ಕಳಸ್ತೀನಿ, ಇಲ್ಲಾ ಅಂದ್ರ ಸುಡ್ತೀನಿ,” ಎಂದ.

ಜಯಪಾಲ ನಮಗೂ ಗೊತ್ತಾಗಲಿಲ್ಲ ಎನ್ನಲು ಹೊರಟ. ಒಂದು ವರ್ಷದಿಂದ ಬಾಯಿಗೆ ರೂಢಿಯಾದ ಮಾತು ಅದು. ತಾರಾಬಾಯಿ ನೀರಿನ ತಂಬಿಗೆ ಹಿಡಿದು ನಿಂತೇ ಇದ್ದಳು. ಎದುರಿಗಿದ್ದ ಮನುಷ್ಯ ತನ್ನ ಮಗನ ನಾಲ್ಕು ವರ್ಷವನ್ನು ಇವನ ನಾಲಿಗೆಗೆ ಒಪ್ಪಿಸಿ, ಕಂಬಳಿಯ ಅಂಚು ತಿರುವುತ್ತ ಕೂತಿದ್ದ. ಫೋಟೋದಲ್ಲಿ ತಾನು ನಗುತ್ತಿದ್ದ ರೀತಿ ನೆನಪಾಗಿ ಜಯಪಾಲನಿಗೆ ಹೇಸಿಗೆಯಾಯಿತು.

“ಐತ್ರಿ. ಸುಡಬ್ಯಾಡ್ರಿ, ಕಳಸ್ರಿ,” ಎಂದ.

ಆಮೇಲೆ ತಡೆಯಿಲ್ಲದೆ ಎಲ್ಲ ಹೇಳಿದ. ಡ್ರಮ್ಮಿನ ಪುಡಿ, ನಿಪ್ಪಾಣಿಯಲ್ಲಿ ಅಚ್ಚಾದ ಚೀಟಿ, ಸಂದೇಶ ತನ್ನ ಬಾಯಿಂದಲೇ ಒಪ್ಪಿಕೊಂಡದ್ದು, ಸಂದೇಶ ತನ್ನ ತಂಗಿಯ ಮಗ ಎಂಬುದು. ಬೇಕಾದರೆ ಬರೆದು ಸಹಿ ಮಾಡಿಕೊಡುತ್ತೇನೆ, ಕರೆದ ಕಡೆ ಬಂದು ಸಾಕ್ಷಿ ಹೇಳುತ್ತೇನೆ ಎಂದ. ಹಾಳೆ ತೆಗೆದುಕೊಂಡು ಬರೆದೂ ಕೊಟ್ಟ. ಅಮೋಘಸಿದ್ದ ಹಾಳೆಯನ್ನು ಮಡಿಸಿ ಒಳಕಿಸೆಯಲ್ಲಿಟ್ಟು, ಜಯಪಾಲನ ಕಾಲು ಮುಟ್ಟಲು ಬಗ್ಗಿದ. ನಿಮ್ಮಂಥವರು ಇರುವುದಕ್ಕೇ ಮಳೆ ಬೆಳೆ ಆಗುತ್ತವೆ ಎಂದ. ನಾಲ್ಕೂವರೆಯ ಬಸ್ಸು ಸಿಗಬೇಕೆಂದು ಚಹಾಕ್ಕೂ ನಿಲ್ಲದೆ ಅವಸರದಲ್ಲಿ ಹೋದ.

ಅವನು ಓಣಿಯ ತಿರುವು ದಾಟುವವರೆಗೂ ಜಯಪಾಲ ಬಾಗಿಲಲ್ಲಿ ನಿಂತಿದ್ದ. ಎದೆ ಹಗುರಾದಂತಿತ್ತು. ಮಗಳು ಈಗಲಾದರೂ ಒಂದು ಮಾತು ಅನ್ನಬಹುದೆಂಬ ಆಸೆಯಿಂದ ಒಳಗೆ ತಿರುಗಿದ. ರೂಪಾಲಿ ಅದೇ ಬಾಗಿಲಿಗೆ ಒರಗಿ, ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವಳ ದನಿ ಮೊದಲಿನ ಹಾಗೆ ಆಗಿರಲಿಲ್ಲ, ಇನ್ನು ಆಗುವುದೂ ಇಲ್ಲ ಎಂದು ಡಾಕ್ಟರು ಹೇಳಿದ್ದರು.

“ಖರೇ ಹೇಳಾಕ ಹತ್ತ ನಿಮಿಷನೂ ಹಿಡೀಲಿಲ್ಲಲ್ಲಪಾ,” ಎಂದಳು.